ಪಾಲಿಗೆ ಬಂದ ಗೆಡ್ಡೆ

ಟರ್ನಿಪ್ ಗೆಡ್ಡೆಗೆ ಕಾಲಿಲ್ಲ.

ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲದಿದ್ದರೆ ಈಗಲಾದರೂ ತಿಳಿದುಕೊಳ್ಳಿ. ಅದಕ್ಕೆ ಬೇರಿದೆ, ಸೊಪ್ಪಿದೆ, ಹೊಟ್ಟೆಯಿದೆ (ನನ್ನ ಹೊಟ್ಟೆಗಿಂತ ಅಂದವಾದದ್ದು). ಆದರೆ ಕಾಲಿಲ್ಲ. ಒಮ್ಮೆ ಹೊರಗೆ ಹಾಕಿದ ಗೆಡ್ಡೆ ತಾನಾಗಿಯೇ ಊರು ದಾಟಿ, ಮೂರು ಮಹಡಿ ಹತ್ತಿ, ನಿಮ್ಮ ಅಡುಗೆಮನೆಗೆ ಮರಳಿ ಬರಲಾರದು.

ನನ್ನದು ಬಂತು. ಒಂದಲ್ಲ, ಮೂರು ಸಲ.

ನಾನು ಅಲ್ಲಾಲ್. ಸಲೆ ಪಟ್ಟಣದ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಮೀಸೆ ಸಮೇತ ನನ್ನ ಫೋಟೋ ಹಾಕಿ, ಅದರ ಕೆಳಗೆ ನನ್ನ ಸಿಟ್ಟನ್ನು ಅಚ್ಚು ಹಾಕುತ್ತಾರೆ. ನಾನು ಓದಿದ್ದು ಆರನೇ ತರಗತಿ, ಅದೂ ಅರ್ಧ. ಲೆಕ್ಕದ ಮೇಷ್ಟ್ರು ಒಂದು ದಿನ "ಏಳೆಂಟ್ಲ ಎಷ್ಟು?" ಎಂದು ಕೇಳಿ, ಒಂದು ಕಣ್ಣನ್ನು ಅರ್ಧ ಮುಚ್ಚಿ ಕಾದರು. ನಾನೂ ಕಾದೆ. ಕೊನೆಗೆ ಅವರು ಬಾಗಿಲು ತೋರಿಸಿದರು. ಆಮೇಲಿನ ವಿದ್ಯೆಯನ್ನೆಲ್ಲ ನಾನು ಹುರಿಗಡಲೆ ಕಟ್ಟಿಕೊಡುವ ಹಳೇ ಪತ್ರಿಕೆಯ ಪೊಟ್ಟಣ ಬಿಡಿಸಿ ಬಿಡಿಸಿ ಕಲಿತೆ. ಹಾಗಾಗಿ ನನಗೆ ಜಗತ್ತಿನ ಎಲ್ಲ ಸಂಗತಿಯೂ ಅರ್ಧರ್ಧ ಗೊತ್ತು. ಸಿಟ್ಟು ಮಾತ್ರ ಪೂರ್ತಿ ಬರುತ್ತದೆ.

ಕಳೆದ ವರ್ಷ ಚಳಿಗಾಲಕ್ಕೆ ಮುಂಚೆ ನನ್ನ ಸಿಟ್ಟು ಕಸದ ತೊಟ್ಟಿಯ ಮೇಲೆ ಬಿತ್ತು. ನಮ್ಮ ಬೀದಿಯ ತೊಟ್ಟಿಯಲ್ಲಿ ಇಡೀ ಹೂಕೋಸು, ಕೆಂಪು ಕ್ಯಾರೆಟ್, ಕೆನ್ನೆ ಬಾಡದ ಬದನೆ ಕಂಡೆ. ಬರೆದೆ. "ರೈತನ ಬೆವರನ್ನು ಕಸಕ್ಕೆ ಎಸೆಯುವವನು ಕೊಲೆಗಾರನ ತಮ್ಮ. ಅಂಥವನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಅವನ ಕಟ್ಟಡದ ಬೀದಿ ಬಾಗಿಲಿಗೇ ಅಂಟಿಸಬೇಕು!" ಚಹಾದಂಗಡಿಗಳಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ನಮ್ಮ ಎರಡನೇ ಮಹಡಿಯ ಹಜ್ಜಾ ಬತೂಲ್, ಹಜ್ ಯಾತ್ರೆ ಮುಗಿಸಿ ಬಂದು ಇಡೀ ಬೀದಿಗೆ ನ್ಯಾಯ ಹೇಳುವ ಮುದುಕಿ, ಅದನ್ನು ಕತ್ತರಿಸಿ ತನ್ನ ಫ್ರಿಜ್ಜಿಗೆ ಅಂಟಿಸಿಕೊಂಡಳು.

ಬರೀ ಬರೆದರೆ ಸಾಲದು, ಬಾಳಬೇಕು ಎಂದು ನನ್ನ ಆತ್ಮಸಾಕ್ಷಿ ಚುಚ್ಚಿತು. (ನನ್ನ ಆತ್ಮಸಾಕ್ಷಿ ಹಸಿ ಬೆಂಡೆಕಾಯಿಯ ಹಾಗೆ. ಮುಟ್ಟಿದರೆ ನವೆ.) ಊರಾಚೆ ಹೊಲ ಮಾಡುವ ಲಲ್ಲಾ ಯಾಮ್ನಾ ಎಂಬ ವಿಧವೆ ತರಕಾರಿ ಪಾಲು ಶುರು ಮಾಡುತ್ತಿದ್ದಾಳೆಂದು ಗೊತ್ತಾಯಿತು. ನಲವತ್ತು ಮನೆಗಳು ಅವಳ ಬೆಳೆಗೆ ಪಾಲುದಾರರು. ಒಂದು ವರ್ಷದ ಮಾತು. ಹೊಲ ಏನು ಕೊಟ್ಟರೆ ಅದು, ಎಷ್ಟು ಕೊಟ್ಟರೆ ಅಷ್ಟು, ಪ್ರತಿ ಗುರುವಾರ ಬುಟ್ಟಿ ತುಂಬಿ ಬರುತ್ತದೆ. ಆರಿಸುವ ಹಾಗಿಲ್ಲ, ಬೇಡ ಎನ್ನುವ ಹಾಗಿಲ್ಲ.

ಮುಚ್ಚಿಹೋದ ಬಡಗಿಯ ಅಂಗಡಿಯಲ್ಲಿ ಸಭೆ ಸೇರಿತು. ಬುಟ್ಟಿ ಹಂಚುವ ಜಾಗವೂ ಅದೇ. ಯಾಮ್ನಾ ಎತ್ತರದ ಹೆಂಗಸು, ಕಂದು ಜಲ್ಲಾಬಾ ನಿಲುವಂಗಿಯ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು. ಅವಳು ಹೇಳಿದ್ದು ನಾಲ್ಕೇ ಮಾತು.

"ನನ್ನ ಹೊಲದ ಸುತ್ತ ಮನೆಗಳು ಎದ್ದಿವೆ. ಮಾರಿಬಿಡು ಅಂತ ಮೈದುನ ದಿನಾ ಬಂದು ಕೂರ್ತಾನೆ. ನಲವತ್ತು ಮನೆ ನನ್ನ ಬೆನ್ನಿಗಿದ್ರೆ ನಾನು ಮಾರಲ್ಲ. ಇಲ್ಲಾಂದ್ರೆ ಇಟ್ಟಿಗೆ ಬೆಳೆಯುತ್ತೆ ಅಲ್ಲಿ."

ನಾನು ಎದ್ದು ನಿಂತೆ. ಯಾರೂ ಕೇಳಿರಲಿಲ್ಲ, ಆದರೂ ನಿಂತೆ. "ಆಲಿಕಲ್ಲು ಬೀಳಲಿ, ಮಿಡತೆ ಬರಲಿ, ಈ ಅಲ್ಲಾಲ್ ಒಂದು ಎಲೆಯನ್ನೂ ವ್ಯರ್ಥ ಮಾಡುವವನಲ್ಲ. ಪಾಲಿಗೆ ಬಂದದ್ದೇ ಪಂಚಾಮೃತ!" ಎಂದು ಮಹಾಪ್ರತಿಜ್ಞೆ ಮಾಡಿದೆ. ಚಪ್ಪಾಳೆ ಬಿತ್ತು. ನನ್ನ ಹೆಂಡತಿ ಬಹೀಜಾ ಮಾತ್ರ ತಟ್ಟಲಿಲ್ಲ. ನನ್ನ ಕಿವಿಗೆ ಬಗ್ಗಿ, "ನಿಂಗೆ ಟರ್ನಿಪ್ ಕಂಡ್ರೆ ಆಗಲ್ಲ ಅಂತ ಇವ್ರಿಗೆ ಹೇಳ್ಬೇಕಿತ್ತು" ಎಂದಳು.

"ಅದು ಮೊದಲು. ಈಗ ತತ್ತ್ವದ ಪ್ರಶ್ನೆ."

"ತತ್ತ್ವಾನ ನಾನು ಎಷ್ಟು ಹೊತ್ತು ಬೇಯಿಸ್ಬೇಕು?"

ಆದರೂ ಉತ್ಸಾಹ ಹೆಚ್ಚಾದದ್ದು ಅವಳಿಗೇ. ತನ್ನ ತವರಿನ ನೀಲಿ ನವಿಲಿನ ಕಸೂತಿಯ ಹಳೇ ಮೇಲುಹಾಸನ್ನು ಕತ್ತರಿಸಿ, ನಮ್ಮ ಎರಡು ಬುಟ್ಟಿಗಳಿಗೂ ಒಳಹಾಸು ಹೊಲಿದಳು. (ಒಂದು ಬುಟ್ಟಿ ನಮ್ಮಲ್ಲಿದ್ದರೆ ಇನ್ನೊಂದು ಹೊಲದಲ್ಲಿ.) ಉಳಿದ ತುಂಡಿನಲ್ಲಿ ಒಣರೊಟ್ಟಿಯ ಚೀಲ ಹೊಲಿದು ಬಾಗಿಲ ಹಿಡಿಗೆ ನೇತುಹಾಕಿದಳು. ಆ ನವಿಲನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮೊದಲ ತಿಂಗಳು ಸ್ವರ್ಗ. ಶುಕ್ರವಾರದ ಊಟ, ಹಬೆಯಲ್ಲಿ ಬೆಂದ ಗೋಧಿರವೆಯ ಕುಸ್ಕುಸ್ ಮೇಲೆ ಏಳು ತರಕಾರಿ, ಏಳಕ್ಕೆ ಏಳೂ ಯಾಮ್ನಾಳ ಹೊಲದವು. ಎರಡನೇ ತಿಂಗಳು ತರಕಾರಿ ಐದಾಯಿತು. ಮೂರನೇ ತಿಂಗಳು ಮೂರು: ಟರ್ನಿಪ್, ಟರ್ನಿಪ್ ಮತ್ತು ಟರ್ನಿಪ್. ಕುಸ್ಕುಸ್‌ನಲ್ಲಿ ಟರ್ನಿಪ್, ಮಣ್ಣಿನ ಮಡಕೆಯ ತಾಜೀನ್‌ನಲ್ಲಿ ಟರ್ನಿಪ್, ಉಪ್ಪಿನಲ್ಲಿ ಊರಿಸಿದ ಟರ್ನಿಪ್. ಮನೆಯ ಪರದೆಗಳೂ ಟರ್ನಿಪ್ ಬೆಂದ ವಾಸನೆ ಹೊಡೆಯತೊಡಗಿದವು.

"ಒಂದು ಮೊಟ್ಟೆ ಹಾಕ್ತೀಯಾ?" ಎಂದು ಒಂದು ದಿನ ಮೆಲ್ಲಗೆ ಕೇಳಿದೆ.

"ಪತ್ರಿಕೇಲಿ ಬಾಯಿತುಂಬ ತಿಂತೀಯಲ್ಲ, ತಟ್ಟೇಲೂ ತಿನ್ನು ಸೀ ಅಲ್ಲಾಲ್" ಎಂದಳು. ಅವಳು ನನ್ನ ಹೆಸರಿಗೆ "ಸೀ" ಸೇರಿಸಿ ಮರ್ಯಾದೆ ಕೊಟ್ಟಳೆಂದರೆ ಅಲ್ಲಿಗೆ ಮರ್ಯಾದೆ ಹೋಯಿತೆಂದು ಅರ್ಥ.

ಆ ಗುರುವಾರ ಅದು ಬಂತು.

ಬುಟ್ಟಿಯ ತಳದಲ್ಲಿ, ಸೊಪ್ಪಿನ ಅಡಿಯಲ್ಲಿ, ಮುಷ್ಟಿಗಿಂತ ದೊಡ್ಡದೊಂದು ಗೆಡ್ಡೆ. ತೆಗೆದೆ. ತಿರುಗಿಸಿದೆ. ಅದಕ್ಕೆ ಮುಖವಿತ್ತು.

ಇದ್ದ ಹಾಗಿತ್ತು ಎಂದಲ್ಲ, ಇತ್ತು. ಎರಡು ಕಣ್ಣು, ಒಂದು ಅರ್ಧ ಮುಚ್ಚಿದ್ದು. ಸೊಟ್ಟ ಮೂಗು, ಮೂಗಿನ ಪಕ್ಕ ನರುಲಿ. ಬಾಯಿ ಸ್ವಲ್ಪವೇ ತೆರೆದು, ಈಗಷ್ಟೇ ಏನನ್ನೋ ಕೇಳಿ ಉತ್ತರಕ್ಕೆ ಕಾಯುತ್ತಿರುವ ಬಾಯಿ. ಲೆಕ್ಕದ ಮೇಷ್ಟ್ರು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಬಹೀಜಾ ಕತ್ತರಿಸಲು ಹೋದಳು. ಚಾಕು ಅದರ ಕಿವಿಯ ಹತ್ತಿರ ಒಂದು ಗೀರು ಎಳೆದು ನಿಂತಿತು. ಯಾವುದಕ್ಕೂ ಹೆದರದ ಹೆಂಗಸು ಅವಳು. ಚಾಕು ಕೆಳಗಿಟ್ಟು ಹೇಳಿದಳು:

"ಅಲ್ಲಾಲ್, ಇದು ನೋಡುತ್ತೆ ಕಣೋ."

"ಗೆಡ್ಡೆ ಏನು ನೋಡುತ್ತೆ?"

"ನಿನ್ನೇ ನೋಡ್ತಿದೆ. ನಾನು ಕುಯ್ಯಲ್ಲ. ನಿನ್ನ ಪಾಲು, ನೀನೇ ಕುಯ್ಕೋ."

ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಮಾರನೆಯ ದಿನ ತೆರೆದರೆ ಅದು ನನ್ನ ಕಡೆ ತಿರುಗಿತ್ತು. (ಬಹೀಜಾ ಕೊತ್ತಂಬರಿ ತೆಗೆಯುವಾಗ ಕೈ ತಾಗಿರಬಹುದು. ಇರಬಹುದು.) ಫ್ರಿಜ್ಜಿನ ಮೋಟಾರು ನಿಲ್ಲುವ ಮೊದಲು ಒಮ್ಮೆ ನಡುಗುತ್ತದಲ್ಲ, ಆಗೆಲ್ಲ ಒಳಗಿನಿಂದ ಟಕ್, ಟಕ್. ಮೇಷ್ಟ್ರು ಬೆತ್ತದಿಂದ ಮೇಜು ಕುಟ್ಟುವ ತಾಳವೇ ಅದು.

ಅದನ್ನು ಕಸಕ್ಕೆ ಹಾಕುವ ಹಾಗಿರಲಿಲ್ಲ. ತೊಟ್ಟಿಯ ಎದುರಿಗೇ ಹಜ್ಜಾ ಬತೂಲಳ ಕಿಟಕಿ, ಅವಳ ಫ್ರಿಜ್ಜಿನ ಮೇಲೆ ನನ್ನದೇ ತೀರ್ಪು. ಆಗ ಕಣ್ಣಿಗೆ ಬಿದ್ದದ್ದು ರೊಟ್ಟಿಯ ಚೀಲ. ನಮ್ಮಲ್ಲಿ ರೊಟ್ಟಿಯನ್ನು ಯಾರೂ ಕಸಕ್ಕೆ ಹಾಕುವುದಿಲ್ಲ. ಒಣಗಿದ ತುಂಡುಗಳು ಬಾಗಿಲ ಚೀಲದಲ್ಲಿ ಕೂಡುತ್ತವೆ, ಮಂಗಳವಾರ ಬಾ ಜಿಲಾಲಿ ಎಂಬ ಮುದುಕ ಕತ್ತೆಗಾಡಿಯಲ್ಲಿ ಬಂದು ದನಗಳಿಗೆಂದು ಒಯ್ಯುತ್ತಾನೆ, ಮಾರನೆಯ ದಿನ ಬರಿ ಚೀಲ ಮರಳಿಸುತ್ತಾನೆ. ಯಾರ ದನ ಎಂದು ನಾನು ಈವರೆಗೆ ಕೇಳಿರಲಿಲ್ಲ. ಜಗತ್ತಿನ ಎಲ್ಲದರ ಬಗ್ಗೆ ಬರೆಯುವವನಿಗೆ ತನ್ನ ಬಾಗಿಲ ಚೀಲ ಎಲ್ಲಿಗೆ ಹೋಗುತ್ತದೆಂದು ಗೊತ್ತಿರಬೇಕಾಗಿಲ್ಲವಷ್ಟೆ.

ಗೆಡ್ಡೆಯನ್ನು ಚೀಲದ ತಳಕ್ಕೆ ತಳ್ಳಿ ಮೇಲೆ ರೊಟ್ಟಿ ತುಂಬಿದೆ. ಕತ್ತೆ ಹೋಯಿತು. ಎರಡು ದಿನ ಹಾಯಾಗಿದ್ದೆ.

ಗುರುವಾರ ಬುಟ್ಟಿ ತಂದು, ಸೊಪ್ಪು ಸರಿಸಿದೆ. ಅರ್ಧ ಮುಚ್ಚಿದ ಕಣ್ಣು ನನ್ನನ್ನು ನೋಡಿತು.

ಅದರ ಅವಳಿ ಇರಬಹುದೆಂದು ಕಿವಿಯ ಬಳಿ ಬೆರಳಾಡಿಸಿದೆ. ಬಹೀಜಾಳ ಚಾಕುವಿನ ಗೀರು ಅಲ್ಲೇ ಇತ್ತು, ಒಣಗಿ ಕಂದಾಗಿ.

"ಏನಾಯ್ತು ನಿಂಗೆ? ಮುಖ ಸುಣ್ಣ ಬಳ್ದಂಗಾಗಿದೆ" ಎಂದಳು ಬಹೀಜಾ.

"ಏನಿಲ್ಲ. ಚಳಿ."

"ಅಯ್ಯೋ, ಆ ಗೆಡ್ಡೆ ಇನ್ನೂ ಇದೆಯಾ? ನೀನು ಕುಯ್ದೆ ಅಂದ್ಕೊಂಡಿದ್ದೆ."

ಹೇಳಲು ನಾಲಿಗೆ ತುದಿಗೆ ಬಂತು. ಆದರೆ ಏನೆಂದು ಹೇಳುವುದು? ಎಸೆದೆ ಎಂದರೆ ಕೊಲೆಗಾರನ ತಮ್ಮನಾಗುತ್ತೇನೆ. ಅದು ತಾನಾಗಿ ವಾಪಸ್ ಬಂತು ಎಂದರೆ ಹುಚ್ಚನಾಗುತ್ತೇನೆ. ಪತ್ರಕರ್ತನಿಗೆ ಇರುವ ಮೂರನೇ ದಾರಿ ಹಿಡಿದೆ. ಸುಮ್ಮನಾದೆ.

ಮುಂದಿನ ಸೋಮವಾರ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ದಿಂಬಿನಂತೆ ಉಬ್ಬಿದ ಒಂದು ದಪ್ಪ ರೊಟ್ಟಿಯ ಹೊಟ್ಟೆ ಬಗೆದು, ಒಳಗೆ ಮೇಷ್ಟ್ರನ್ನು ಕೂರಿಸಿ, ಮೇಲೆ ರೊಟ್ಟಿಯ ಬಿಲ್ಲೆಯನ್ನೇ ಮುಚ್ಚಳ ಮಾಡಿದೆ. ರೊಟ್ಟಿಗೆ ಚಾಕು ಹಾಕಿ ಪೆಟ್ಟಿಗೆ ಮಾಡಿದ ಮೊದಲ ಮನುಷ್ಯ ಸಲೆಯಲ್ಲಿ ನಾನೇ ಇರಬೇಕು. ಮಂಗಳವಾರ ಕತ್ತೆ ಹೋಯಿತು. ಗುರುವಾರ ಬುಟ್ಟಿ ಬಂತು.

ಈ ಸಲ ಅದು ತಳದಲ್ಲಿರಲಿಲ್ಲ. ಎಲ್ಲಕ್ಕಿಂತ ಮೇಲೆ, ನವಿಲಿನ ಬಟ್ಟೆಯ ನಡುವೆ, ಮಗುವನ್ನು ಮಲಗಿಸಿದ ಹಾಗೆ. ತೆರೆದ ಕಣ್ಣಿನ ಕುಳಿಯಲ್ಲಿ ರೊಟ್ಟಿಯ ಪುಡಿ ಅಂಟಿತ್ತು. ಅತ್ತ ಹಾಗೆ.

ಅಲ್ಲಿಂದ ನಾನು ಸರಿಯಾಗಿ ಊಟ ಮಾಡಲಿಲ್ಲ. ಬರೆಯಲು ಕೂತರೆ ಹಾಳೆಯ ಮೇಲೆ ಏಳು, ಎಂಟು ಎಂಬ ಅಂಕೆಗಳು ತಾವಾಗಿಯೇ ಬೀಳುತ್ತಿದ್ದವು. ಮಗ್ಗಿ ಗೊತ್ತಿಲ್ಲದೆ ಬಿಟ್ಟು ಬಂದ ಒಂದು ತರಗತಿ ನಲವತ್ತು ವರ್ಷ ಹಿಂದಿನಿಂದ ಮೆಟ್ಟಿಲು ಹತ್ತಿ ಬರುತ್ತಿದೆ ಅನ್ನಿಸಿತು. ಕೊನೆಗೆ ತೀರ್ಮಾನಿಸಿದೆ. ಸತ್ತವರನ್ನು ಸತ್ತವರ ಜಾಗಕ್ಕೇ ಸೇರಿಸಬೇಕು.

ಬುಧವಾರ ಮಧ್ಯಾಹ್ನ ಸಮುದ್ರದಿಂದ ಮಂಜು ಎದ್ದಿತ್ತು. ನಮ್ಮ ಊರಿನ ದೊಡ್ಡ ಸ್ಮಶಾನ ಸಮುದ್ರಕ್ಕೆ ಎದುರಾಗಿದೆ. ಅಂಥ ದಿನ ಅಲ್ಲಿ ಗೋರಿಗಳು ಯಾವುವು, ಕೂತ ಮನುಷ್ಯರು ಯಾರು ಎಂದು ಹೇಳುವುದು ಕಷ್ಟ. ಅಲೆ ಕಾಣುವುದಿಲ್ಲ, ಉಸಿರಾಡುವುದು ಮಾತ್ರ ಕೇಳುತ್ತದೆ. ಗೆಡ್ಡೆಯನ್ನು ಕೈಗೆ ಸಿಕ್ಕ ಪತ್ರಿಕೆಯಲ್ಲಿ ಸುತ್ತಿಕೊಂಡು, ಅಡುಗೆಮನೆಯ ದೊಡ್ಡ ಚಮಚವನ್ನು ಅಂಗಿಯ ತೋಳಿನೊಳಗೆ ಇಳಿಸಿ, ಜಲ್ಲಾಬಾದ ಟೊಪ್ಪಿಗೆ ಎಳೆದುಕೊಂಡು ಹೋದೆ. ಗೋಡೆಯ ಮೂಲೆಯಲ್ಲಿ ಚಮಚದಿಂದ ಅಗೆಯತೊಡಗಿದೆ. ಸಮುದ್ರಹಕ್ಕಿಯೊಂದು ಗೋಡೆಯ ಮೇಲೆ ಕೂತು ಮುದುಕಿಯ ಹಾಗೆ ನಕ್ಕಿತು.

ಗೆಡ್ಡೆಯನ್ನು ಮಣ್ಣಿನಲ್ಲಿಟ್ಟೆ. ಬೆನ್ನ ಹಿಂದೆ ನೀರು ತುಳುಕಿದ ಸದ್ದು.

"ಯಾರಿಗೆ?" ಎಂದಿತು ಮಂಜು.

ಗೋರಿಗಳಿಗೆ ನೀರು ಹೊಯ್ದು ನಾಲ್ಕು ಕಾಸು ಪಡೆಯುವ ಮುದುಕನಿರಬೇಕು. ನನಗೆ ಕಂಡದ್ದು ಒಂದು ಡಬ್ಬ ಮತ್ತು ಎರಡು ಮೊಣಕಾಲು. ಹೆದರಿಕೆಗೆ ನನ್ನ ದನಿ ಹೆಂಗಸಿನ ದನಿಯ ಹಾಗೆ, ದಾರದಷ್ಟು ತೆಳ್ಳಗೆ ಹೊರಟಿತು.

"ಮೇಷ್ಟ್ರಿಗೆ."

"ಯಾವ ಮೇಷ್ಟ್ರು?"

"ಲೆಕ್ಕದ ಮೇಷ್ಟ್ರು."

"ಅವರಿಗೆ ಇಷ್ಟು ಸಣ್ಣ ಗುಂಡಿ ಸಾಕಾ?"

ಓಡಿದೆ. ಮಣ್ಣು ಮುಚ್ಚಿದೆನೋ ಇಲ್ಲವೋ, ಚಮಚ ತಂದೆನೋ ಇಲ್ಲವೋ, ಒಂದೂ ನೆನಪಿಲ್ಲ.

ಮಾರನೆಯ ದಿನದ ಬುಟ್ಟಿಯಲ್ಲಿ ಮುಖವಿರಲಿಲ್ಲ. ಸೊಪ್ಪು, ಹಸಿ ಅವರೆ, ಎಂಟು ಮುಖವಿಲ್ಲದ ಟರ್ನಿಪ್‌ಗಳು. ನಾನು ಎಂಟನ್ನೂ ಮುದ್ದಿಸಬಹುದಿತ್ತು.

ಶುಕ್ರವಾರ ನಮಾಜು ಮುಗಿಸಿ ಬಂದು ಕುಸ್ಕುಸ್ ಮುಂದೆ ಕೂತಿದ್ದೆ. ಬಾಗಿಲು ಬಡಿಯಿತು. ಹಜ್ಜಾ ಬತೂಲ್, ಹಿಂದೆ ಮೂವರು ಹೆಂಗಸರು. ಹಜ್ಜಾಳ ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯ ಮೇಲೆ ಬಿಳಿ ಬಟ್ಟೆ.

"ಮಗಳೇ ಬಹೀಜಾ, ಮೊದಲು ಕೂತ್ಕೋ" ಎಂದಳು. "ನಿನ್ನ ಗಂಡನಿಗೆ ಯಾರೋ ಮಾಟ ಮಾಡ್ಸಿದ್ದಾರೆ."

ಬಟ್ಟೆ ಸರಿಯಿತು. ಮೇಷ್ಟ್ರು.

ಆದರೆ ಈಗ ಬರೀ ಮೇಷ್ಟ್ರಲ್ಲ. ನಾನು ಅವಸರದಲ್ಲಿ ಸುತ್ತಿದ ಪತ್ರಿಕೆ ನನ್ನದೇ ಕೊನೆಯ ಪುಟ. ನೀರಿನ ಮುದುಕ ಹೊಸ ಗೋರಿಯೆಂದು ಭಕ್ತಿಯಿಂದ ಡಬ್ಬ ತುಂಬ ನೀರು ಹೊಯ್ದಿದ್ದ, ಮಣ್ಣು ಸರಿದು ಗೆಡ್ಡೆ ಕಂಡಾಗ ಪತ್ರಿಕೆಯ ಫೋಟೋ ಗುರುತು ಹಿಡಿದು ಹಜ್ಜಾಳಿಗೆ ತಂದೊಪ್ಪಿಸಿದ್ದ. ಕಾಗದ ನೆಂದು, ಮಸಿ ಇಳಿದು, ನನ್ನ ಫೋಟೋದ ಮೀಸೆ ಗೆಡ್ಡೆಯ ಮೂಗಿನ ಕೆಳಗೆ ಸರಿಯಾಗಿ ಕೂತಿತ್ತು. ಮೇಷ್ಟ್ರ ಕಣ್ಣು, ನನ್ನ ಮೀಸೆ. ನಾನು ನನ್ನನ್ನೇ ನೋಡಿ ಚೀರಿದೆ.

"ನೋಡಿ, ನೋಡಿ! ಕಂಡ ತಕ್ಷಣ ಮೈಮೇಲೆ ಬಂತು!" ಎಂದಳು ಒಬ್ಬಳು.

ಆಮೇಲೆ ನನ್ನ ತಲೆಯ ಸುತ್ತ ಹೊಗೆ. ಕೆಂಡದ ಮೇಲೆ ದೃಷ್ಟಿ ತೆಗೆಯುವ ಹರ್ಮಲ್ ಬೀಜ ಚಟಪಟ ಸಿಡಿದವು. ಪಟಿಕದ ಹರಳು ಉಬ್ಬಿ, ಕುದಿದು, ಒಂದು ಆಕಾರವಾಗಿ ನಿಂತಿತು. ಮಾಟ ಮಾಡಿಸಿದವರ ರೂಪ ಅದರಲ್ಲಿ ಕಾಣುತ್ತದಂತೆ. ಹೆಂಗಸರು ಬಗ್ಗಿದರು. ನಾನೂ ಬಗ್ಗಿದೆ. ದೇವರಾಣೆ, ಅದು ನನ್ನ ಮೂಗು.

"ಎತ್ತರದ ಹೆಂಗಸು" ಎಂದಳು ಹಜ್ಜಾ. "ತಲೆ ಮೇಲೆ ಟೊಪ್ಪಿಗೆ. ನೀರಿನ ಮುದುಕನೂ ಅದನ್ನೇ ಹೇಳ್ದ. ಮಂಜಲ್ಲಿ ತಾಳೆಮರದಷ್ಟು ಎತ್ತರ ನಿಂತಿದ್ಲಂತೆ, ದನಿ ದಾರದ ಥರ ಇತ್ತಂತೆ. ಲೆಕ್ಕದ ಮೇಷ್ಟ್ರಿಗೆ ಕೊಡ್ತಿದ್ದೀನಿ ಅಂದ್ಲಂತೆ. ಜಿನ್ನುಗಳಿಗೂ ಮೇಷ್ಟ್ರಿರ್ತಾರೆ."

(ನನ್ನ ಎತ್ತರ ಐದಡಿ ಎರಡಂಗುಲ. ಮಂಜು ಯಾರನ್ನೂ ಇಷ್ಟು ಉದಾರವಾಗಿ ಬೆಳೆಸಬಾರದು.)

"ಟರ್ನಿಪ್ ಬೆಳೆಯೋ ಎತ್ತರದ ಹೆಂಗಸು ಯಾರಿದ್ದಾರೆ ನಮಗೆ ಗೊತ್ತಿರೋರು?" ಎಂದು ಹಜ್ಜಾ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಯಾರೂ ಹೆಸರು ಹೇಳಲಿಲ್ಲ. ಎಲ್ಲರಿಗೂ ಕೇಳಿಸಿತು.

ಆ ಕ್ಷಣ ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ. ಹಜ್ಜಾ ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದಳು. ಮುಚ್ಚಿದೆ. ಉಪ್ಪಿನ ಮೇಲೆ ತಪ್ಪು ಹೊರಿಸುತ್ತಿಲ್ಲ. ನನ್ನ ಹೆಸರು ಬಾಗಿಲಿಗೆ ಅಂಟುತ್ತದೆಂಬ ಭಯ ಉಪ್ಪಿಗಿಂತ ಹೆಚ್ಚು ಬಾಯಿ ಕಟ್ಟಿತ್ತು.

ಶನಿವಾರದ ಹೊತ್ತಿಗೆ ಹನ್ನೊಂದು ಮನೆಗಳು ಬುಟ್ಟಿ ಬೇಡ ಎಂದವು. ಸೋಮವಾರಕ್ಕೆ ಇಪ್ಪತ್ತಮೂರು. ಯಾಮ್ನಾಳ ಮೈದುನ ಹೊಲದಲ್ಲಿ ಅಳತೆಯ ಹಗ್ಗ ಹಿಡಿದು ಓಡಾಡಿದನೆಂದು ಬಾ ಜಿಲಾಲಿ ಸುದ್ದಿ ತಂದ. ನಾನು ಏನು ಮಾಡಿದೆ ಗೊತ್ತೆ? ಬರೆದೆ! ಮೂಢನಂಬಿಕೆಯ ವಿರುದ್ಧ ಎಂಟುನೂರು ಪದ. ನನ್ನ ಬಗ್ಗೆ ಒಂದೂ ಇಲ್ಲ. "ಪಾಪ, ಮೈಮೇಲೆ ಮಾಟ ಇಟ್ಕೊಂಡೂ ಎಷ್ಟು ಚೆನ್ನಾಗಿ ಬರೀತಾನೆ" ಎಂದು ಬೀದಿಯವರು ಕಣ್ಣೊರೆಸಿಕೊಂಡರು.

ಬಹೀಜಾ ಮಾತ್ರ ಒಂದು ಸಣ್ಣ ಪ್ರಶ್ನೆ ಹಿಡಿದು ಮನೆಯೆಲ್ಲ ತಿರುಗುತ್ತಿದ್ದಳು. "ನನ್ನ ದೊಡ್ಡ ಚಮಚ ಎಲ್ಲಿ?"

ಗುರುವಾರ ಬಂತು. ಬಡಗಿಯ ಅಂಗಡಿಯಲ್ಲಿ ನಲವತ್ತು ಬುಟ್ಟಿ ಸಾಲಾಗಿ ಕೂತಿದ್ದವು. ಯಾಮ್ನಾ ಯಾವುದನ್ನೂ ಕಡಿಮೆ ತುಂಬಿರಲಿಲ್ಲ. ಬೀದಿಯ ಆಚೆ ಬದಿಯಲ್ಲಿ ಪಾಲುದಾರರು ಸಾಲಾಗಿ ನಿಂತು ನೋಡುತ್ತಿದ್ದರು, ಒಬ್ಬರೂ ದಾಟಲಿಲ್ಲ. ಹಜ್ಜಾಳ ಪಕ್ಕದಲ್ಲಿ ನೀರಿನ ಮುದುಕ ಸಾಕ್ಷಿ ಹೇಳಲು ನಿಂತಿದ್ದ. ಯಾಮ್ನಾ ಯಾರನ್ನೂ ಕರೆಯಲಿಲ್ಲ. ಸೊಪ್ಪು ಬಾಡದಿರಲೆಂದು ಬುಟ್ಟಿಯಿಂದ ಬುಟ್ಟಿಗೆ ನೀರು ಚಿಮುಕಿಸುತ್ತ ಹೋದಳು. ಸ್ಮಶಾನದಲ್ಲಿ ಕೇಳಿದ ನೀರಿನ ಸದ್ದು ಅದು. ನನ್ನಿಂದ ತಡೆಯಲಾಗಲಿಲ್ಲ.

"ನಾನು!" ಎಂದು ಬೀದಿಯ ನಡುವೆ ನಿಂತು ಕೂಗಿದೆ. "ಹೂತಿದ್ದು ನಾನು! ಎರಡು ಸಲ ರೊಟ್ಟಿ ಚೀಲದಲ್ಲಿ ಎಸೆದಿದ್ದೂ ನಾನೇ. ಅದು ವಾಪಸ್ ಬಂತು. ಅದಕ್ಕೇ ಹೂತೆ. ಈಕೆದು ಏನೂ ತಪ್ಪಿಲ್ಲ!"

ಹಜ್ಜಾ ಮರುಕದಿಂದ ತಲೆಯಾಡಿಸಿದಳು.

"ಅಯ್ಯೋ ಮಗನೇ. ನೋಡ್ರಮ್ಮ, ಮಾಟ ಹೆಂಗೆ ಮಾತಾಡಿಸ್ತಿದೆ. ಗೆಡ್ಡೆ ವಾಪಸ್ ಬಂತಂತೆ!"

"ನಿಜ ಹೇಳ್ತಿದ್ದೀನಿ ಹಜ್ಜಾ!"

"ಮಾಟ ಹಿಡಿದೋರೆಲ್ಲ ಹಂಗೇ ಅನ್ನೋದು. ಉಪ್ಪು ತನ್ನಿ."

ಜೀವನದಲ್ಲಿ ಮೊದಲ ಬಾರಿ ಪೂರ್ತಿ ಸತ್ಯ ಹೇಳಿದ್ದೆ. ಒಬ್ಬ ಓದುಗನೂ ನಂಬಲಿಲ್ಲ. ಅಷ್ಟರಲ್ಲಿ ಬಹೀಜಾ ಬೀದಿ ದಾಟಿ ನೀರಿನ ಮುದುಕನ ಎದುರು ನಿಂತಳು. ಅವನ ನಡುಪಟ್ಟಿಯಿಂದ ಏನೋ ಇಣುಕುತ್ತಿತ್ತು.

"ಅಜ್ಜಾ, ಇದೆಲ್ಲಿ ಸಿಕ್ತು?"

"ಆ ಗುಂಡಿ ಹತ್ರ ಬಿದ್ದಿತ್ತು ತಾಯಿ. ಒಳ್ಳೇ ಚಮಚ."

"ಒಳ್ಳೇದೇ. ನಮ್ಮಮ್ಮ ಕೊಟ್ಟಿದ್ದು. ಹಿಡೀಲಿ ನನ್ನ ಹೆಸರಿದೆ." ಅವಳು ನನ್ನ ಕಡೆ ತಿರುಗಿದಳು. "ಎಂಟು ದಿನದಿಂದ ಹುಡುಕ್ತಿದ್ದೀನಿ, ಸೀ ಅಲ್ಲಾಲ್. ಎಂಟು ದಿನ! ಹಜ್ಜಾ, ಇವನಿಗೆ ಮಾಟ ಹಿಡಿದಿಲ್ಲ. ನಾನು ಹಿಡೀತೀನಿ ಈಗ."

ಜನ ಗೊಳ್ಳೆಂದರು. ಆದರೆ ಹಜ್ಜಾ ಬಿಡಲಿಲ್ಲ. "ಹೂತಿದ್ದು ಇವನೇ ಇರ್ಲಿ. ಎಸೆದ ಗೆಡ್ಡೆ ಹೆಂಗೆ ವಾಪಸ್ ಬಂತು? ಅದಕ್ಕೆ ಉತ್ತರ ಹೇಳ್ಲಿ ಯಾಮ್ನಾ!"

ಯಾಮ್ನಾ ನೀರಿನ ಡಬ್ಬ ಕೆಳಗಿಟ್ಟಳು.

"ನಾನಿಟ್ಟೆ" ಎಂದಳು. "ಬಾ ಜಿಲಾಲಿ ರೊಟ್ಟಿ ತಂದು ಸುರಿಯೋದು ನನ್ನ ಹಸುಗಳಿಗೇ. ನವಿಲಿನ ಚೀಲದಲ್ಲಿ ಗೆಡ್ಡೆ ಸಿಕ್ತು. ನವಿಲಿನ ಬುಟ್ಟಿ ಯಾರ್ದು ಅಂತ ನಂಗೊತ್ತು. ಪಾಲು ಅಂದ್ಮೇಲೆ ಅದು ನಿಮ್ಮ ಅನ್ನ. ನಿಮ್ಮ ಅನ್ನ ನನ್ನ ಹಸುಗೆ ಹಾಕಿದ್ರೆ ನೆಲ ನನ್ನ ಕೇಳಲ್ವಾ? ಕೈತಪ್ಪಿ ಬಿದ್ದಿರ್ಬೇಕು ಅಂತ ವಾಪಸ್ ಇಟ್ಟೆ."

"ಎರಡನೇ ಸಲ?" ಎಂದೆ. ದನಿ ಮತ್ತೆ ದಾರವಾಗಿತ್ತು.

"ಎರಡನೇ ಸಲ ರೊಟ್ಟಿ ಹೊಟ್ಟೇಲಿತ್ತು. ಕೈತಪ್ಪಿದ್ದಲ್ಲ ಅಂತ ಗೊತ್ತಾಯ್ತು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ? ಈ ವಾರ ಪೂರ್ತಿ ಇವ್ರೆಲ್ಲ ನಿಮ್ಮನ್ನ..."

"ನಂಗೆ ಓದಕ್ಕೆ ಬರಲ್ಲ ಅಣ್ಣ. ನೀವು ಬರೆದಿದ್ದನ್ನ ಬಾ ಜಿಲಾಲಿ ಓದಿ ಹೇಳಿದ್ದ. ಎಸೆದೋರ ಹೆಸರು ಬಾಗಿಲಿಗೆ ಅಂಟಿಸ್ಬೇಕು ಅಂತ." ಅವಳು ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡಳು. "ನಿಮ್ಮ ಹೆಸರು ಬಾಗಿಲಿಗೆ ಹತ್ತೋದು ಬೇಡ ಅನ್ನಿಸ್ತು. ಅಷ್ಟೇ."

ನಾನು ನೆಲ ನೋಡಿದೆ. ನೆಲ ಕೇಳುತ್ತದೆ ಎಂದಳಲ್ಲ, ಕೇಳಿತು.

"ಇನ್ನೊಂದು ಮಾತು" ಎಂದಳು ಯಾಮ್ನಾ, ಆಚೆ ಬದಿಯ ಸಾಲನ್ನು ನೋಡುತ್ತ. "ಬೇರೆ ಚೀಲಗಳೂ ಬರ್ತವೆ ನನ್ನ ಹತ್ರ. ಹಸಿರು ಪಟ್ಟೇದು, ಗುಲಾಬಿ ಹೂವಿಂದು, ಹಜ್ ಯಾತ್ರೆಯಿಂದ ತಂದಿದ್ದೊಂದು. ಅವುಗಳಲ್ಲಿ ಏನೇನು ಸಿಕ್ತು ಅಂತ ನಾನು ಹೇಳಲ್ಲ. ಅವುಕ್ಕೆ ಮುಖ ಇರ್ಲಿಲ್ಲ, ವಾಪಸ್ ಬಂದಿದ್ದು ತಮ್ದೇ ಅಂತ ಅವ್ರಿಗೂ ಗೊತ್ತಾಗ್ತಿರ್ಲಿಲ್ಲ. ಚೀಲ ಯಾರ್ದು ಅಂತ ಬಾ ಜಿಲಾಲಿನ ಕೇಳಿ ಅವರವರ ಬುಟ್ಟಿಗೇ ಹಾಕಿದ್ದೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ಆ ಹೊತ್ತು ಆ ಬೀದಿಯಲ್ಲಿ ಮುಟ್ಟಿಕೊಳ್ಳದ ಹೆಗಲಿರಲಿಲ್ಲ. ಮೊದಲು ದಾಟಿದವಳು ಹಜ್ಜಾ ಬತೂಲ್. "ಏನು ನೋಡ್ತಾ ನಿಂತಿದ್ದೀರಿ? ಸೊಪ್ಪು ಬಾಡ್ತಿದೆ!" ಎಂದು ತನ್ನ ಬುಟ್ಟಿ ಎತ್ತಿಕೊಂಡು, ಯಾಮ್ನಾಳ ಹಣೆಗೆ ಮುತ್ತಿಟ್ಟು, ವಯಸ್ಸಿಗೆ ಮೀರಿದ ವೇಗದಲ್ಲಿ ನಡೆದಳು. ಕಾಲು ಗಂಟೆಯಲ್ಲಿ ನಲವತ್ತೂ ಬುಟ್ಟಿ ಖಾಲಿ. ಅಳತೆಯ ಹಗ್ಗ ಸುತ್ತಿಟ್ಟುಕೊಳ್ಳಲು ಮೈದುನನಿಗೆ ಹೇಳಿ ಎಂದು ಬಾ ಜಿಲಾಲಿಗೆ ಹೆಂಗಸರೇ ಕೂಗಿ ಹೇಳಿದರು.

ನನಗೆ ಬಿಡುಗಡೆ ಇರಲಿಲ್ಲ. ಮಾಟವಿಲ್ಲವೆಂದು ಸಾಬೀತಾಗಬೇಕಾದರೆ ಆ ಗೆಡ್ಡೆಯನ್ನು ನಾನು ತಿನ್ನಬೇಕೆಂದು ತೀರ್ಮಾನವಾಯಿತು. ಹಜ್ಜಾ ಅದನ್ನು ಉಪ್ಪಿನ ಭರಣಿಯಲ್ಲಿ ಬಂಧಿಸಿಟ್ಟಿದ್ದಳು. ಬಹೀಜಾ ಅದನ್ನು ಇಡಿಯಾಗಿ ಬೇಯಿಸಿ, ಕುಸ್ಕುಸ್ ನಡುವೆ ಕೂರಿಸಿ ತಂದಳು. ಇಡೀ ಕಟ್ಟಡ ನಮ್ಮ ಮನೆಯೊಳಗೆ. ಬೆಂದ ಮುಖ ಇನ್ನಷ್ಟು ಮೆತ್ತಗಾಗಿ, ಇನ್ನಷ್ಟು ಹತ್ತಿರವಾಗಿ ಕಂಡಿತು. ಅರ್ಧ ಕಣ್ಣು ಕಾಯುತ್ತಿತ್ತು. ದೊಡ್ಡ ಚಮಚ ಎತ್ತಿದೆ.

"ಐವತ್ತಾರು" ಎಂದೆ.

"ಮಂತ್ರ ಹೇಳ್ದ!" ಎಂದು ಯಾರೋ ಹಿಂದೆ ಸರಿದರು.

ತಿಂದೆ. ನಿಮ್ಮಲ್ಲಿ ಏನನ್ನೂ ಮುಚ್ಚಿಡುವುದಿಲ್ಲ, ರುಚಿಯಾಗಿತ್ತು. ಸಿಹಿಯಾಗಿತ್ತು ಕೂಡ. ನಲವತ್ತು ವರ್ಷ ಹೆದರಿದ್ದು ಇದಕ್ಕಾ ಅನ್ನಿಸಿತು. ಅದೇ ನನಗಾದ ಅತಿ ದೊಡ್ಡ ಅವಮಾನ.

ಆಮೇಲೆ ನಾನೇ ಕೆಳಗಿಳಿದು, ನನ್ನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಬೀದಿ ಬಾಗಿಲಿಗೆ ಅಂಟಿಸಿದೆ. ನಲವತ್ತು ಮನೆಗಳ ಪೈಕಿ ಅಂಟಿದ್ದು ಅದೊಂದೇ ಹೆಸರು. ಬಹೀಜಾ ಅದು ಮಳೆಗೆ ಅಳಿಯದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊಂದಿಸಿದ್ದಾಳೆ. ಹಜ್ಜಾ ದಿನಾ ಅದನ್ನು ಓದಿ "ಛೆ ಛೆ" ಎನ್ನುತ್ತ ಹೋಗುತ್ತಾಳೆ.

ನಿನ್ನೆ ಗುರುವಾರ. ಬುಟ್ಟಿ ಬಂತು. ತಳದಲ್ಲಿ ಹೊಸದೊಂದು ಗೆಡ್ಡೆ. ತಿರುಗಿಸಿದೆ. ಕಣ್ಣು, ಮೂಗು, ಸ್ವಲ್ಪವೇ ತೆರೆದ ಬಾಯಿ. ಇದು ಮೇಷ್ಟ್ರಲ್ಲ. ಇದು ನನಗೆ ಗೊತ್ತಿರುವ ಯಾರ ಮುಖವೂ ಅಲ್ಲ. ಬಹಳ ಹೊತ್ತು ನೋಡಿದೆ. ಇದನ್ನು ಓದುತ್ತ ತನಗೇನೂ ಸಂಬಂಧವಿಲ್ಲವೆಂದು ನಗುತ್ತಿರುವ ಒಬ್ಬ ಮನುಷ್ಯನ ಮುಖವದು.

ಏಳಿ. ಪತ್ರಿಕೆ ಕೆಳಗಿಡಿ. ನಿಮ್ಮ ಫ್ರಿಜ್ಜಿನ ಕೆಳಗಿನ ಡ್ರಾಯರ್ ಎಳೆಯಿರಿ. ಸೊಪ್ಪಿನ ಅಡಿಯಲ್ಲಿ, ಮೂರು ವಾರದಿಂದ ನೀವು ನೋಡದ ಹಾಗೆ ನಟಿಸುತ್ತಿರುವುದೊಂದು ಅಲ್ಲಿದೆ. ಈಗಲೇ ಅದನ್ನು ಹೊರಗೆ ತೆಗೆದು ಬೇಯಿಸಿ ತಿನ್ನಿ. ಆಗದಿದ್ದರೆ ಒಂದು ಹಾಳೆ ಹುಡುಕಿ, ನಿಮ್ಮ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು, ಬಂದು ನನ್ನ ಹೆಸರಿನ ಪಕ್ಕದಲ್ಲಿ ಅಂಟಿಸಿ. ಜಾಗ ಬಿಟ್ಟಿದ್ದೇನೆ.